ಬಟ್ಟಲಿನ ಗೆರೆ

ನಮ್ಮೂರಿಗೆ ಯುದ್ಧದ ಸುದ್ದಿ ತರುವವರು ಬಾಯಿ ತುಂಬ ನೀರು ಹಿಡಿದುಕೊಂಡು ಬರಬೇಕು. ಇದು ನಿಯಮ. ನಗಬೇಡಿ, ಪೂರ್ತಿ ಕೇಳಿ.

ಯುದ್ಧ ನಡೆಯುವುದು ಮೂರು ಗುಡ್ಡಗಳ ಆಚೆ, ನದಿಯ ದಂಡೆಯಲ್ಲಿ. ನದಿ ಯಾರದು ಅನ್ನುವುದೇ ಜಗಳ. ನಮ್ಮದು ಅಂತ ನಾವು, ನಮ್ಮದು ಅಂತ ಆಚೆ ದಂಡೆಯವರು. ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ನಮ್ಮೂರಲ್ಲಿ ಕುಡಿಯುವುದಕ್ಕೆ ಊರಬಾಗಿಲ ಕೆರೆಯ ನೀರು, ತೊಳೆಯುವುದಕ್ಕೂ ಅದೇ. ಆ ನದಿಯ ನೀರು ಊರಿನ ಒಂದು ಮನೆಗೂ ಬರುವುದಿಲ್ಲ. ಸುದ್ದಿಯವರ ಬಾಯಲ್ಲಿ ಎಷ್ಟು ಬರುತ್ತದೋ ಅಷ್ಟೇ ನದಿ ಊರಲ್ಲಿ ಉಳಿದವರಿಗೆ ಗೊತ್ತು. ಆದರೂ ಅದಕ್ಕಾಗಿ ವರ್ಷಕ್ಕೆರಡು ಸಲ ಗಂಡಸರನ್ನು ಕಳಿಸುತ್ತೇವೆ.

ನಿಯಮ ಬಂದದ್ದು ಹೀಗೆ. ಹಿಂದೆ ಒಬ್ಬ ಸುದ್ದಿಯವನಿದ್ದನಂತೆ, ಶುದ್ಧ ಬಾಯಿಬಡುಕ. ದಂಡೆಯಲ್ಲಿ ನೋಡಿದ್ದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಬಂದ. ಕೇಳಿದವರು ಅಯ್ಯೋ ಅಂದರೆ ಇನ್ನೊಂದು ಚೂರು ಸೇರಿಸಿದ. ಮೊದಲ ಗುಡ್ಡದಲ್ಲಿ ಸತ್ತವರು ಏಳು ಜನ, ಎರಡನೆಯ ಗುಡ್ಡದಲ್ಲಿ ಎಪ್ಪತ್ತು, ಊರು ಮುಟ್ಟುವ ಹೊತ್ತಿಗೆ ದಂಡೆಯಲ್ಲಿ ಯಾರೂ ಉಳಿದಿರಲಿಲ್ಲ. ಊರಿನ ಹೆಂಗಸರು ಬಳೆ ಒಡೆದುಕೊಂಡರು. ಹದಿನೈದು ದಿನದ ಮೇಲೆ ಗಂಡಂದಿರು ಹಲ್ಲು ಕಿಸಿಯುತ್ತ ಮನೆಗೆ ಬಂದರು. ಆಮೇಲೆ ಹಿರಿಯರು ಕೂತು ಕಟ್ಟಳೆ ಮಾಡಿದರು: ಯುದ್ಧ ನೋಡಿದವರ ಬಾಯಿ ಊರಕಟ್ಟೆ ಮುಟ್ಟುವವರೆಗೆ ತೆರೆಯಕೂಡದು.

ಹಾಗಾಗಿ ಸುದ್ದಿಯವರು ದಂಡೆಯಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ, ನದಿಗೆ ಬಗ್ಗಿ, ಬಾಯಿ ತುಂಬ ನೀರು ತೆಗೆದುಕೊಂಡು, ತುಟಿ ಬಿಗಿದು ಹೊರಡುತ್ತಾರೆ. ಸೊಂಟಕ್ಕೆ ಒಂದು ಗಂಟೆ ಕಟ್ಟಿರುತ್ತದೆ. ಅದರ ಸದ್ದು ಕೇಳಿದರೆ ಎರಡೂ ದಂಡೆಯವರು ಬಿಲ್ಲು ಇಳಿಸುತ್ತಾರೆ. ಕೈಯಲ್ಲಿ ತಂಬಿಗೆ, ಸೋರೆಬುರುಡೆ ಏನೂ ಇರಕೂಡದು. ಬೆಳಗ್ಗೆ ಹೊರಟರೆ ಮೂರು ಗುಡ್ಡ ಹತ್ತಿಳಿದು ಹೊತ್ತು ವಾಲುವಾಗ ಊರು. ದಾರಿಯಲ್ಲಿ ಒಂದು ಹನಿ ನೀರಿಲ್ಲ.

ಕಟ್ಟೆಯ ಮೇಲೆ ಬಟ್ಟಲಜ್ಜಿ ಕಂಚಿನ ಬಟ್ಟಲು ಹಿಡಿದು ಕೂತಿರುತ್ತಾಳೆ. ಬಾಯಿಯ ನೀರನ್ನು ಬಟ್ಟಲಿಗೆ ಬಿಡಬೇಕು. ಬಟ್ಟಲ ಒಳಗೆ ಒಂದು ಗೆರೆ. ನೀರು ಗೆರೆ ಮುಟ್ಟಿದರೆ ಅಜ್ಜಿ "ಗೆರೆ ಮುಟ್ಟಿದೆ" ಅನ್ನುತ್ತಾಳೆ. ಊರು ಕೂತು ಕೇಳುತ್ತದೆ, ಕೇಳಿದ್ದಕ್ಕೆ ತಕ್ಕಂತೆ ನಡೆಯುತ್ತದೆ. ಮುಟ್ಟದಿದ್ದರೆ "ಗೆರೆ ಮುಟ್ಟಿಲ್ಲ" ಅನ್ನುತ್ತಾಳೆ. ಊರು ಎದ್ದು ಹೋಗುತ್ತದೆ, ಸುದ್ದಿಯವರ ಸೊಂಟದ ಗಂಟೆ ಬಿಚ್ಚುತ್ತಾರೆ. ಬಟ್ಟಲಿನ ನೀರನ್ನು ಕಟ್ಟೆಯ ಬೇವಿನ ಮರದ ಬುಡಕ್ಕೆ ಸುರಿಯುತ್ತಾರೆ. ಕಿವಿಗಿಂತ ಬಟ್ಟಲನ್ನು ಹೆಚ್ಚು ನಂಬುವ ಜನ ನಾವು, ಅದರಲ್ಲಿ ನಮಗೆ ಹೆಮ್ಮೆಯೂ ಇತ್ತು.

ಈಗ ಸುದ್ದಿಯವಳ ವಿಷಯ. ಆರು ಸಲ ದಂಡೆಗೆ ಹೋಗಿ ಆರು ಸಲವೂ ಗೆರೆ ಮುಟ್ಟಿಸಿದವಳು ಅವಳೊಬ್ಬಳೇ. ಕಲಿಸಿದವನು ಹಳೇ ಸುದ್ದಿಯವ. ಮೂವತ್ತು ವರ್ಷದ ಹಿಂದೆ, ಗಟ್ಟಿಮುಟ್ಟಾಗಿದ್ದಾಗಲೇ, ಯಾಕೆಂದು ಹೇಳದೆ ಗಂಟೆ ಬಿಚ್ಚಿಟ್ಟು ಕೆರೆ ಏರಿಯ ಮೇಲೆ ಕೂತುಬಿಟ್ಟವನು. ಅಲ್ಲೇ ಕೂತು ಅವಳಿಗೆ ಮೂರು ವರ್ಷ ಕಲಿಸಿದ. ಬಾಯಿ ತುಂಬ ನೀರು ತುಂಬಿಸಿ ಬಯ್ದ, ನಗಿಸಿದ, ಬೆನ್ನ ಹಿಂದೆ ಹಗ್ಗ ಎಸೆದು ಹಾವು ಅಂತ ಕಿರುಚಿದ. ಮೊದಲ ವರ್ಷ ಅವನ ಮುಖದ ಮೇಲೆಲ್ಲ ಅವಳ ಬಾಯಿಯ ನೀರೇ. ಕಡೆಗೊಂದು ದಿನ ಅವಳ ತಾಯಿ ತೀರಿಕೊಂಡ ಸುದ್ದಿಯನ್ನೂ ಬಾಯಲ್ಲಿ ನೀರಿದ್ದಾಗಲೇ ಹೇಳಿದ. ಅವಳು ತುಟಿ ಬಿಚ್ಚಲಿಲ್ಲ, ಕಣ್ಣಲ್ಲಿ ಮಾತ್ರ ಇಳಿಯಿತು. ಇನ್ನು ನೀನು ಹೋಗಬಹುದು ಅಂದ ಅವನು ತಾನೇ ಮುಖ ತಿರುಗಿಸಿಕೊಂಡು ಅತ್ತನಂತೆ.

ಅವಳು ಸುದ್ದಿ ಹೇಳುವುದನ್ನು ಕೇಳಬೇಕಿತ್ತು ನೀವು. ಕೈ ಆಡಿಸುವುದಿಲ್ಲ, ಧ್ವನಿ ಏರಿಸುವುದಿಲ್ಲ. ಎಷ್ಟು ಜನ ಅಂದರೆ, "ನಾನು ನೋಡಿದ್ದು ಹನ್ನೊಂದು" ಅನ್ನುತ್ತಿದ್ದಳು. ಊರ ಯಜಮಾನರು "ಇನ್ನೂ ಜಾಸ್ತಿ ಇರಬಹುದಲ್ಲ" ಅಂದರೆ, "ಇರಬಹುದು, ನಾನು ನೋಡಿದ್ದು ಹನ್ನೊಂದು" ಅಂತ ಮತ್ತೆ ಅದೇ. ಸತ್ತವನ ಮನೆಯವರು ಕೇಳಿದರೆ ಅವನ ಕಾಲಲ್ಲಿ ಯಾವ ಚಪ್ಪಲಿ ಇತ್ತು, ಯಾವ ಕಡೆ ಮುಖ ಮಾಡಿ ಮಲಗಿದ್ದ ಎಲ್ಲ ಹೇಳುತ್ತಿದ್ದಳು. ವೀರನ ಹಾಗೆ ಸತ್ತನೇ ಅಂದರೆ ಮಾತ್ರ ಸುಮ್ಮನಾಗುತ್ತಿದ್ದಳು. ಅವಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಸುಮ್ಮನಿರುವಿಕೆಯಿಂದ.

ಗೆರೆ ಮುಟ್ಟಿಸಿದ್ದರ ಬೆಲೆ ಏನು ಅಂತ ನಾವು ಯಾರೂ ಕೇಳಿರಲಿಲ್ಲ. ಗುಡ್ಡದ ದಾರಿ ಖಾಲಿ ದಾರಿಯಲ್ಲ. ದಂಡೆಯಿಂದ ತೆವಳಿಕೊಂಡು ಬಂದವರು ಅಲ್ಲಲ್ಲಿ ಬಿದ್ದಿರುತ್ತಾರೆ. ಊರು ಯಾವ ಕಡೆ ಅಂತ ಕೇಳುತ್ತಾರೆ. ಒಂದು ಮಾತಾಡು ತಾಯಿ ಅನ್ನುತ್ತಾರೆ. ನೀರು ಕೇಳುತ್ತಾರೆ. ಅವರ ಮುಂದೆ ಬಾಯಿ ತುಂಬ ನೀರು ಹಿಡಿದುಕೊಂಡು, ಗಂಟೆ ಸದ್ದು ಮಾಡುತ್ತ ಅವಳು ನಡೆದುಹೋಗಬೇಕು. ಆರು ಸಲ ಹೋಗಿದ್ದಳು. ಊರಿಗೆ ಬಂದ ಮೇಲೆ ಎರಡು ದಿನ ಅವಳು ನೀರು ಮುಟ್ಟುತ್ತಿರಲಿಲ್ಲ, ಮಜ್ಜಿಗೆ ಕುಡಿದುಕೊಂಡೇ ಇರುತ್ತಿದ್ದಳು. ನಾವು ಅದನ್ನು ವ್ರತ ಅಂದುಕೊಂಡಿದ್ದೆವು.

ಬಟ್ಟಲಜ್ಜಿಗೂ ಒಂದು ವ್ರತ ಇತ್ತು. ಯಾರು ನೀರು ಕೊಟ್ಟರೂ ಮೊದಲ ಬೊಗಸೆಯನ್ನು ನೆಲಕ್ಕೆ ಚೆಲ್ಲಿಯೇ ಕುಡಿಯುತ್ತಿದ್ದಳು. ಅವಳ ಒಬ್ಬನೇ ಮಗ ದಂಡೆಯಲ್ಲಿ ಗಾಯಗೊಂಡು ಗುಡ್ಡದ ದಾರಿಯಲ್ಲಿ ಸತ್ತಿದ್ದ. ಆ ಸುದ್ದಿ ತಂದವನು ಹಳೇ ಸುದ್ದಿಯವ, ಅದೇ ಅವನ ಕೊನೆಯ ಸುದ್ದಿ. ಅವತ್ತೂ ಬಟ್ಟಲು ಹಿಡಿದಿದ್ದವಳು ಇವಳೇ. ತಾನೇ ಗೆರೆ ನೋಡಿ, ತಾನೇ ಮುಟ್ಟಿದೆ ಅಂದು, ಆಮೇಲೆ ಮಗನ ಹೆಸರು ಕೇಳಿದವಳು. ಮೂವತ್ತು ವರ್ಷ ಹೀಗೆ ನೆಲಕ್ಕೆ ನೀರು ಚೆಲ್ಲಿದ್ದು ಯಾಕೆ ಅಂತ ಅವಳನ್ನೂ ಯಾರೂ ಕೇಳಿರಲಿಲ್ಲ.

ಏಳನೆಯ ಸಲ ಸುದ್ದಿಯವಳು ಹೋದಾಗ ಊರು ಕುದಿಯುತ್ತಿತ್ತು. ಗುಡ್ಡದಾಚೆ ಎರಡು ದಿನ ಹೊಗೆ ಎದ್ದಿತ್ತು. ಆಚೆಯವರು ನಮ್ಮ ಬಿಡಾರಕ್ಕೆ ಬೆಂಕಿ ಹಾಕಿದ್ದಾರೆ ಅಂತ ಯಾರೋ ಅಂದರು, ಎಲ್ಲರೂ ಅಂದರು. ಯಜಮಾನರು ಅರವತ್ತು ಜನರನ್ನು ಆರಿಸಿ ಗಂಟು ಕಟ್ಟಿಸಿ ನಿಲ್ಲಿಸಿದರು. ಸುದ್ದಿಯವಳು ಬಂದು ಅದನ್ನೇ ಹೇಳಿದರೆ ಅವತ್ತೇ ಹೊರಡುವುದು. ಆ ಅರವತ್ತರಲ್ಲಿ ನಾನೂ ಇದ್ದೆ. ನನ್ನ ಗಂಟಿನಲ್ಲಿ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಚಟ್ನಿಪುಡಿ, ಒಂದು ಈಟಿಯ ಮೊನೆ ಇತ್ತು.

ಅವಳು ದಂಡೆಯಲ್ಲಿ ನೋಡಿದ್ದು ಬೇರೆ. ಉರಿದದ್ದು ನಮ್ಮ ಬಿಡಾರವಲ್ಲ, ಆಚೆ ದಂಡೆಯ ಕಣಜ. ಬೆಂಕಿ ಹಾಕಿದವರು ನಮ್ಮವರು. ಆಯುಧ ಕೆಳಗಿಟ್ಟು ಒಳಗೆ ಸೇರಿಕೊಂಡಿದ್ದವರ ಮೇಲೆ ಹೊರಗಿನಿಂದ ಅಗುಳಿ ಹಾಕಿ ಹಚ್ಚಿದ್ದರು. ಅವಳು ನೋಡಿದಳು, ಎಣಿಸಿದಳು. ನದಿಗೆ ಬಗ್ಗಿ ಬಾಯಿ ತುಂಬಿಕೊಂಡಳು. ಮೊದಲ ಗುಡ್ಡ ಹತ್ತಿಳಿದಳು.

ಎರಡನೆಯ ಗುಡ್ಡದ ಮೇಲೆ ಒಬ್ಬ ಮುದುಕ ಬಿದ್ದಿದ್ದ. ಆಚೆ ದಂಡೆಯವನು. ಕಣ್ಣು ಸುಟ್ಟು ನದಿಗೆ ಬಿದ್ದು, ಯಾವ ದಂಡೆ ಅಂತ ತಿಳಿಯದೆ ಈಚೆ ಹತ್ತಿ, ತನ್ನೂರು ಅಂದುಕೊಂಡು ನಮ್ಮೂರ ಕಡೆಗೆ ತೆವಳಿ ಬಂದಿದ್ದ. ಗಂಟೆ ಸದ್ದಿಗೆ ತಲೆ ಎತ್ತಿದ.

"ಸುದ್ದಿಯವಳಾ?" ಅಂದ. "ಹಂಗಾದ್ರೆ ನಿನ್ನ ಬಾಯಲ್ಲಿ ನೀರದೆ. ನಮ್ಮ ಕಡೆಗೂ ಗೊತ್ತು ನಿಮ್ಮ ಕಟ್ಟಳೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ನಾನು ಕೇಳಲ್ಲ ಕಣವ್ವ. ಅದು ನಿಮ್ಮೂರಿಗೆ ಹೋಗ್ಬೇಕಾದ್ದು. ನೋಡಿದ್ದನ್ನ ಹೇಳು. ಹೋಗು."

ಕೇಳಿದವರನ್ನೆಲ್ಲ ದಾಟಿ ಬಂದವಳಿಗೆ, ಕೇಳದೆ ಇದ್ದವನನ್ನು ದಾಟುವುದು ಆಗಲಿಲ್ಲ. ಹನ್ನೆರಡು ಹೆಜ್ಜೆ ಹೋದಳಂತೆ, ಎಣಿಸಿದ್ದಾಳೆ. ಗಂಟೆ ನಿಂತಿತು. ವಾಪಸ್ಸು ಬಂದು, ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಯ ನೀರನ್ನು ಬೊಗಸೆಗೆ ಬಿಟ್ಟಳು. ಆಮೇಲೆ ಮಾತಾಡಿದಳು.

"ಎಂಜಲು ನೀರು, ದೊಡ್ಡಪ್ಪ. ತಪ್ಪು ತಿಳೀಬೇಡಿ."

ಅವನು ಮೂರು ಗುಟುಕು ಕುಡಿದ. "ನಮ್ಮ ನದೀದು" ಅಂದ. ಅವಳು ಹೂಂ ಅಂದಳು. ಅವನ ಉಸಿರು ನಿಲ್ಲುವವರೆಗೆ ಕೂತಿದ್ದು, ಮುಖಕ್ಕೆ ಸೆರಗಿನ ತುಂಡು ಹರಿದು ಹೊದಿಸಿ, ಒಣ ಬಾಯಲ್ಲಿ ಎದ್ದಳು.

ಮುಂದಿನದ್ದು ಕೆರೆ ಏರಿಯ ಮೇಲೆ ನಡೆದದ್ದು. ಅವಳೂ ಹಳೇ ಸುದ್ದಿಯವನೂ ಆಮೇಲೆ ನನಗೆ ಬೇರೆ ಬೇರೆಯಾಗಿ ಹೇಳಿದರು, ಇಬ್ಬರ ಮಾತೂ ಒಂದೇ ಇತ್ತು.

ಹಳೇ ಸುದ್ದಿಯವ ದೂರದಿಂದಲೇ ಅವಳ ಕೆನ್ನೆ ನೋಡಿದ. ಮೂವತ್ತು ವರ್ಷ ಬಿಟ್ಟಿದ್ದರೂ ಆ ಕಣ್ಣಿಗೆ ತುಂಬಿದ ಕೆನ್ನೆ ಯಾವುದು, ಬರಿದು ಯಾವುದು ಅಂತ ತಿಳಿಯದೆ ಇರುತ್ತದೆಯೇ. ಅವಳು ಹತ್ತಿರ ಬಂದಾಗ ಕೇಳಿದ:

"ಎಲ್ಲಿ ಹೋಯ್ತು ಮಗಾ?"

"ಎರಡನೇ ಗುಡ್ಡದಲ್ಲಿ. ಒಬ್ಬರಿಗೆ ಕೊಟ್ಟೆ."

"ಸುದ್ದಿ ಏನು?"

ಹೇಳಿದಳು. ಅವನು ಪೂರ್ತಿ ಕೇಳಿ, ಕೆರೆಯ ಕಡೆ ಕೈ ತೋರಿಸಿ ಅಂದ: "ಬಗ್ಗು. ತುಂಬ್ಕೋ. ಯಾರೂ ನೋಡ್ತಿಲ್ಲ."

ಅವಳು ಅವನನ್ನೇ ನೋಡಿದಳು. ಬಾಯಲ್ಲಿ ನೀರಿಟ್ಟುಕೊಂಡು ತಾಯಿಯ ಸಾವಿನ ಸುದ್ದಿ ಕೇಳುವುದನ್ನು ಕಲಿಸಿದ ಮನುಷ್ಯ ಇವನೇ.

"ನಾನೂ ಒಂದ್ಸಲ ತುಂಬ್ಕೊಂಡಿದೀನಿ," ಅಂದ. "ಒಂದೇ ಸಲ. ಅವತ್ತು ನಾನು ತಂದಿದ್ ಸುದ್ದಿ ನಿಜ, ನೀರು ಮಾತ್ರ ಸುಳ್ಳು. ಆ ಸುಳ್ಳು ನೀರು ನಂಬಿ ಊರು ವಾಪಸ್ ಕರೆಸ್ಕೊಂಡಿದ್ದಕ್ಕೆ ದಂಡೇಲಿ ಉಳಿದಿದ್ದೋರು ಮನೆಗೆ ಬಂದ್ರು. ಅರವತ್ತು ಜನ ಗಂಟು ಕಟ್ಕೊಂಡು ನಿಂತವ್ರೆ ಮಗಾ. ನಿನ್ನ ಬಟ್ಲು ಬರಿದಾದ್ರೆ ಅವರು ಹೊಗೆ ನಂಬ್ಕೊಂಡು ಹೋಗ್ತಾರೆ. ಒಂದು ಬಾಯಿ ಕೆರೆ ನೀರಿಗೆ ಅಷ್ಟು ಜೀವ."

ನಾನಾಗಿದ್ದರೆ ತುಂಬಿಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ. ನೀವೂ ಅಷ್ಟೇ. ಹಳೇ ಸುದ್ದಿಯವ ಕೆಟ್ಟದ್ದೇನೂ ಹೇಳಲಿಲ್ಲ, ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಅವಳೂ ಏರಿಯಿಳಿದು ನೀರಿನ ಅಂಚಿಗೆ ಹೋದಳು. ಬಗ್ಗಿದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ಬೆಳಗಿನಿಂದ ಒಂದು ತೊಟ್ಟು ಗಂಟಲಿಗಿಳಿದಿರಲಿಲ್ಲ. ನೀರಿನಲ್ಲಿ ತನ್ನ ಮುಖ ನೋಡಿಕೊಂಡು ಹಾಗೇ ಎದ್ದುಬಿಟ್ಟಳು.

"ಅವರು ಕುಡಿದ್ರು ಅಜ್ಜ," ಅಂದಳು. "ಅದೂ ನಾನು ನೋಡಿದ್ದೇ ಅಲ್ವಾ? ಬಟ್ಲು ತುಂಬಿದ್ರೆ ಅವರು ಕುಡೀಲಿಲ್ಲ ಅಂತ ಆಗುತ್ತೆ. ಯಾರೂ ಅವರ ತಲೆ ಹಿಡೀಲಿಲ್ಲ ಅಂತ ಆಗುತ್ತೆ. ನಡೆದಿದ್ದನ್ನ ನಡೆದಿಲ್ಲ ಅಂತ ಹೆಂಗೆ ಹೇಳ್ಲಿ?"

ಹಳೇ ಸುದ್ದಿಯವ ಪಕ್ಕದಲ್ಲಿದ್ದ ಕೋಲಿಗೆ ಕೈ ಹಾಕಿದನಂತೆ. ಅವಳು ಊರಬಾಗಿಲು ದಾಟಿದಳು.

ಗಂಟೆ ಕೇಳಿ ನಾವೆಲ್ಲ ಕಟ್ಟೆಯ ಮುಂದೆ ಸೇರಿದೆವು. ಅಜ್ಜಿ ಬಟ್ಟಲು ಎತ್ತಿದಳು. ಸುದ್ದಿಯವಳು ಯಾವತ್ತಿನ ಹಾಗೆ ಬಗ್ಗಿದಳು, ಯಾವತ್ತಿನ ಹಾಗೆ ಬಾಯಿ ತೆರೆದಳು. ಒಂದು ಹನಿಯೂ ಬೀಳಲಿಲ್ಲ.

ಅಜ್ಜಿ ಬಟ್ಟಲನ್ನೇ ನೋಡಿದಳು. ಆಮೇಲೆ, ಹೇಳಲೇಬೇಕಾದ್ದರಿಂದ, "ಗೆರೆ ಮುಟ್ಟಿಲ್ಲ" ಅಂದಳು.

ಜನ ಎದ್ದರು. ಯಜಮಾನರ ಮುಖದಲ್ಲಿ ಒಂಥರಾ ನಿರಾಳ ಕಂಡಿತು. "ಹಂಗಾದ್ರೆ ಸುದ್ದಿ ಬಿತ್ತು, ಲೆಕ್ಕಕ್ಕಿಲ್ಲ. ಹೊಗೆ ಎಲ್ರೂ ನೋಡಿದೀವಿ, ಅಷ್ಟು ಸಾಕು. ಗಂಟೆ ಬಿಚ್ಚಿ," ಅಂದರು. ಒಬ್ಬರು ಬಂದು ಅವಳ ಸೊಂಟದ ಗಂಟೆ ಬಿಚ್ಚತೊಡಗಿದರು. ಅವಳು ತಡೆಯಲಿಲ್ಲ. ನಿಂತಲ್ಲೇ ಸುದ್ದಿ ಹೇಳತೊಡಗಿದಳು.

ನಮ್ಮ ಬೆನ್ನಿಗೆ ಹೇಳಿದಳು. ಯಾವತ್ತಿನ ಹಾಗೇ, ಕೈ ಆಡಿಸದೆ, ಧ್ವನಿ ಏರಿಸದೆ. ಕಣಜದ ಬಾಗಿಲು ಯಾವ ಕಡೆಗಿತ್ತು, ಅಗುಳಿ ಹಾಕಿದ ಕೈ ಯಾರ ಕಡೆಯದು, ಒಳಗೆ ಎಷ್ಟು ಜನ ಇದ್ದರು. "ನಾನು ನೋಡಿದ್ದು ನಲವತ್ತಮೂರು" ಅಂದಳು. ನಾನೂ ಬೆನ್ನು ತಿರುಗಿಸಿಯೇ ನಿಂತಿದ್ದೆ. ಕಿವಿಗೆ ಬೀಳುತ್ತಿದ್ದುದು ನಿಜ ಅಂತ ನನಗೆ ಗೊತ್ತಿತ್ತು, ಗೆರೆ ಮುಟ್ಟಿಲ್ಲ ಅನ್ನುವುದರ ಹಿಂದೆ ಅಡಗಿಕೊಂಡಿದ್ದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೆ ಅವಳು ಎರಡನೆಯ ಗುಡ್ಡದ ಮಾತು ಹೇಳಿದಳು. "ನೀರು ಅವರಿಗೆ ಕೊಟ್ಟೆ. ಅವರು ಕುಡಿದ್ರು. ಇದೂ ಸುದ್ದಿನೇ."

"ವೈರಿಗೆ ಎಂಜಲು ಕುಡಿಸಿ ಬಂದವ್ಳೆ, ಇವಳ ಮಾತು ಕೇಳ್ಬೇಕಂತೆ!" ಅಂತ ಯಾರೋ ನಕ್ಕರು.

ಆಗ ಬಟ್ಟಲಜ್ಜಿ ಬಾಯಿ ತೆರೆದಳು. ಗೆರೆಯ ಆ ಎರಡು ಮಾತು ಬಿಟ್ಟರೆ ಕಟ್ಟೆಯ ಮೇಲೆ ಅವಳು ಇನ್ನೊಂದು ಮಾತಾಡಿದ್ದನ್ನು ನಾವು ಕೇಳಿಯೇ ಇರಲಿಲ್ಲ.

"ಕುಡಿದ್ನಾ ಅವನು?" ಅಂದಳು.

"ಕುಡಿದ್ರು ಅಜ್ಜಿ. ಮೂರು ಗುಟುಕು."

"ತಲೆ ಎತ್ತಿ ಹಿಡಿದ್ಯಾ? ಮಲಗಿದೋರಿಗೆ ಹಂಗೇ ಹಾಕಿದ್ರೆ ಗಂಟಲಿಗೆ ಹತ್ತುತ್ತೆ."

"ತೊಡೆ ಮೇಲಿಟ್ಕೊಂಡಿದ್ದೆ."

ಅಜ್ಜಿ ತಲೆಯಾಡಿಸಿದಳು. ಬಟ್ಟಲಿನ ಒಳಗೆ ಬೆರಳಿಟ್ಟು ಗೆರೆಯ ಮೇಲೆ ಒಂದು ಸುತ್ತು ಸವರಿದಳು. "ನನ್ನ ಮಗನ ಸುದ್ದಿ ಬಂದ ದಿನ ಇದು ತುಂಬಿತ್ತು," ಅಂದಳು. "ನಾನೇ ಹಿಡ್ಕೊಂಡಿದ್ದೆ. ಒಂದು ತೊಟ್ಟು ಕಮ್ಮಿ ಇರ್ಲಿಲ್ಲ. ಸಾಯೋವಾಗ ಸುದ್ದಿಯವನು ಪಕ್ಕದಲ್ಲೇ ಇದ್ನಂತೆ. ಅವನ ಬಾಯಲ್ಲಿ ನೀರಿತ್ತು, ನನ್ನ ಮಗ ಹಂಗೇ ಹೋದ. ಗೆರೆ ಮುಟ್ಟಿತ್ತಲ್ಲ, ಅದಕ್ಕೇ ಗೊತ್ತಾಯ್ತು ನಂಗೆ. ಮೂವತ್ತು ವರ್ಷದಿಂದ ಮೊದಲ ಬೊಗಸೆ ಅವನಿಗೆ ಅಂತ ನೆಲಕ್ಕೆ ಚೆಲ್ತಾ ಇದೀನಿ. ಅವನಿಗೆ ಮುಟ್ಟುತ್ತೋ ಇಲ್ವೋ."

ಹೊರಟಿದ್ದವರ ಕಾಲು ನಿಂತಿತು. ಬೇವಿನ ಮರದ ಆಚೆಯಿಂದ ಕೋಲಿನ ಸದ್ದು ಬಂತು. ಕೆರೆ ಏರಿ ಬಿಟ್ಟು ಎಲ್ಲಿಗೂ ಬಾರದ ಹಳೇ ಸುದ್ದಿಯವ ಕಟ್ಟೆಯ ಹತ್ತಿರ ಬಂದು, ಕೋಲು ಕೆಳಗಿಟ್ಟು, ಅಜ್ಜಿಯ ಮುಂದೆ ನೆಲದ ಮೇಲೆ ಕೂತ.

"ಅಕ್ಕಾ," ಅಂದ. "ಅವತ್ತಿನ ನೀರು ಕೆರೇದು."

ಅಜ್ಜಿಗೆ ಅರ್ಥವಾಗಲಿಲ್ಲ.

"ಊರಬಾಗಿಲಲ್ಲಿ ತುಂಬ್ಕೊಂಡೆ. ನಾನು ನದಿಯಿಂದ ತಂದಿದ್ದನ್ನ ನಿನ್ನ ಮಗ ಕುಡಿದ. ನನ್ನ ಕೈಯಿಂದ ಕುಡಿದ. ತಲೆ ಹಿಡ್ಕೊಂಡಿದ್ದೆ ಅಕ್ಕ. ಸಾಕು ಅನ್ನೋವರೆಗೂ ಕುಡಿದ."

ಅಜ್ಜಿ ಬಟ್ಟಲನ್ನು ಮಡಿಲಿಗೆ ಇಳಿಸಿದಳು.

"ಮೂವತ್ತು ವರ್ಷ," ಅಂದಳು ಅಜ್ಜಿ. "ನನಗೊಬ್ಬಳಿಗಾದ್ರೂ ಹೇಳ್ಬಾರ್ದಿತ್ತಾ ತಮ್ಮ?"

"ಹೇಳಿದ್ರೆ ಸುದ್ದಿ ಬೀಳ್ತಿತ್ತು. ಸುದ್ದಿ ಬಿದ್ದಿದ್ರೆ ಉಳಿದೋರೂ ಅಲ್ಲೇ ಸಾಯ್ತಿದ್ರು. ಆಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ. ನೀನು ನೀರು ಚೆಲ್ಲೋದನ್ನ ದಿನಾ ಏರಿ ಮೇಲಿಂದ ನೋಡ್ತಿದ್ದೆ." ಅವನು ಸುದ್ದಿಯವಳ ಕಡೆ ಕೈ ತೋರಿಸಿದ. "ಇವಳು ಬರೀ ಬಾಯಲ್ಲಿ ಬಂದ್ಲು. ನಾನು ಕಲಿಸಿದ್ದಲ್ಲ ಇದು."

ಅಜ್ಜಿ ಅಳುತ್ತಾಳೆ ಅಂದುಕೊಂಡೆವು, ಬಯ್ಯುತ್ತಾಳೆ ಅಂದುಕೊಂಡೆವು. ಅವಳು ಬಟ್ಟಲು ಹಿಡಿದುಕೊಂಡು ಕಟ್ಟೆ ಇಳಿದಳು. ಕೆರೆಯ ಕಡೆ ನಡೆದಳು. ಮುದುಕಿಯ ನಡಿಗೆ, ಹೋಗಿಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ, ಯಜಮಾನರೂ ಕದಲಲಿಲ್ಲ. ಗಂಟೆ ಬಿಚ್ಚುತ್ತಿದ್ದವರ ಕೈ ಅರ್ಧಕ್ಕೇ ನಿಂತಿತ್ತು.

ತುಂಬಿದ ಬಟ್ಟಲು ತಂದಳು. ಸುದ್ದಿಯವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ಒಂದು ಕೈಯಿಂದ ಅವಳ ತಲೆಯ ಹಿಂಭಾಗ ಹಿಡಿದು, ಇನ್ನೊಂದು ಕೈಯಿಂದ ಬಟ್ಟಲನ್ನು ಒಡೆದ ತುಟಿಗೆ ತಂದಳು. ಒಂದು ಬೊಗಸೆಯನ್ನೂ ನೆಲಕ್ಕೆ ಚೆಲ್ಲಲಿಲ್ಲ.

"ಕುಡಿಯವ್ವ," ಅಂದಳು.

ಅಷ್ಟು ತಲೆಮಾರುಗಳಲ್ಲಿ ದಂಡೆಯಿಂದ ಬಂದ ಸುದ್ದಿಯವರಲ್ಲಿ ಒಬ್ಬರಿಗೂ ನಾವು ನೀರು ಕೊಟ್ಟಿರಲಿಲ್ಲ. ಅವರ ಬಾಯಿಂದ ತೆಗೆದುಕೊಂಡಿದ್ದೆವು ಅಷ್ಟೇ. ಸುದ್ದಿಯವಳು ಮೊದಲು ಬೇಡ ಅನ್ನುವಂತೆ ತುಟಿ ಬಿಗಿದಳು, ಅಭ್ಯಾಸ. ಆಮೇಲೆ ಕುಡಿದಳು. ಕುಡಿಯುತ್ತ ಕುಡಿಯುತ್ತ ಅತ್ತಳು. ಬಾಯಿ ತೆರೆದು ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಬಟ್ಟಲು ಬರಿದಾಯಿತು. ಅಜ್ಜಿ ಅದನ್ನು ಬೆಳಕಿಗೆ ಓರೆ ಮಾಡಿ ಒಳಗೆ ನೋಡಿದಳು. ನಮ್ಮೆಲ್ಲರಿಗೂ ಕಾಣುವ ಹಾಗೆ, ಒಂದು ಹನಿಯೂ ಇಲ್ಲದ ಬಟ್ಟಲನ್ನು ಎತ್ತಿ ಹಿಡಿದಳು.

"ಗೆರೆ ಮುಟ್ಟಿದೆ," ಅಂದಳು.

ನಾನು ನನ್ನ ಗಂಟನ್ನು ಕೆಳಗಿಟ್ಟು ಕೂತೆ. ಪಕ್ಕದವನು ಕೂತ. ಊರು ಕೂತಿತು. ಸುದ್ದಿಯವಳು ಮುಖ ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದಳು.